ಗೋಲಿ ಉರುಳಲಿ, ಲೋಲಕ ಎಣಿಸಲಿ

(ಹೈಸ್ಕೂಲು ಮಕ್ಕಳು ಮತ್ತು ಅವರ ವಿಜ್ಞಾನ ಶಿಕ್ಷಕರ ಎದುರು ಒಂದು ಶನಿವಾರ ಮಧ್ಯಾಹ್ನ ಆಡಿದ ಮಾತು ಇದು. ಬರೆಯುವಾಗ ಕೆಲವು ಲೆಕ್ಕಗಳನ್ನು ಬಿಡಿಸಿ ಹೇಳಿದ್ದೇನೆ. ಮಕ್ಕಳು ನಡುವೆ ಕೇಳಿದ ಪ್ರಶ್ನೆಗಳನ್ನು ಅವು ಬಂದ ಜಾಗದಲ್ಲೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮೊದಲು ಈ ಮೇಜಿನ ಮೇಲೆ ಏನೇನಿದೆ ಅಂತ ನೋಡಿಬಿಡೋಣ. ಎರಡು ಮೀಟರಿಗಿಂತ ಒಂಚೂರು ಉದ್ದದ ಅಲ್ಯೂಮಿನಿಯಂ ಆಂಗಲ್ ಇದೆ. ಕಿಟಕಿ, ಪಾರ್ಟಿಶನ್ ಮಾಡುವ ಅಂಗಡಿಯಲ್ಲಿ ಸಿಗುತ್ತದೆ. ಅದನ್ನು ಬೆನ್ನ ಮೇಲೆ ಮಲಗಿಸಿದರೆ ಒಂದು ಕಾಲುವೆ ಆಗುತ್ತದೆ. ಎರಡು ಗೋಡೆ ಸೇರುವ ಮೂಲೆ ಕೆಳಗೆ, ಬಾಯಿ ಮೇಲೆ. ಆಮೇಲೆ ಗಾಜಿನ ಗೋಲಿಗಳು, ನೀವು ಬೀದಿಯಲ್ಲಿ ಆಡುವಂಥವೇ. ಒಂದು ಉಂಡೆ ಹೊಲಿಗೆ ದಾರ. ಗೋಡೆ ನೆಟ್ಟಗಿದೆಯಾ ಅಂತ ನೋಡಲು ಗಾರೆ ಕೆಲಸದವರು ಇಳಿಬಿಡುತ್ತಾರಲ್ಲ, ಅಂಥ ಒಂದು ಗುಂಡು. ಒಂದು ದಪ್ಪ ಕಬ್ಬಿಣದ ನಟ್ಟು. ದರ್ಜಿಯ ಟೇಪು. ಅಷ್ಟೇ. ಗಡಿಯಾರ ಇಲ್ಲ. ನಿಮ್ಮ ಫೋನುಗಳೂ ಸದ್ಯಕ್ಕೆ ಜೇಬಿನಲ್ಲೇ ಇರಲಿ.

ಇವತ್ತಿನ ಪ್ರಶ್ನೆ ಸಣ್ಣದು. ಇಳಿಜಾರಿನಲ್ಲಿ ಬಿಟ್ಟ ಗೋಲಿ ಕೆಳಗೆ ಬರುತ್ತಾ ಬರುತ್ತಾ ಜೋರಾಗುತ್ತದೆ. ಇದು ಎಲ್ಲರಿಗೂ ಗೊತ್ತು. ಆದರೆ ಎಷ್ಟು ಜೋರಾಗುತ್ತದೆ? ಯಾವ ಲೆಕ್ಕದಲ್ಲಿ?

ಗೋಲಿಯನ್ನು ಸುಮ್ನೆ ಮೇಲಿಂದ ಕೈಬಿಟ್ಟರೆ ಏನಾಗುತ್ತದೆ ನೋಡಿ. ಎರಡು ಮೀಟರ್ ಎತ್ತರದಿಂದ ಬಿಟ್ಟೆ. ಬಿತ್ತು. ಎಷ್ಟು ಹೊತ್ತು ಹಿಡಿಯಿತು? ಹೇಳುವುದಕ್ಕೂ ಆಗಲಿಲ್ಲ ಅಲ್ವಾ? ಲೆಕ್ಕದ ಪ್ರಕಾರ 0.64 ಸೆಕೆಂಡು. ಕಣ್ಣು ಅದರ ಹಿಂದೆ ಓಡಲಾರದು. ಅದಕ್ಕೇ ಇಳಿಜಾರು. ಆಂಗಲ್‌ನ ಒಂದು ತುದಿಯನ್ನು, ಎರಡು ಮೀಟರಿಗೆ ಬರೀ 4 ಸೆಂಟಿಮೀಟರ್ ಮೇಲೆತ್ತಿದ್ದೇನೆ. ಅಂದರೆ ನೂರಕ್ಕೆ ಎರಡು. ದೂರದಿಂದ ನೋಡಿದರೆ ಮಟ್ಟವಾಗಿಯೇ ಕಾಣುತ್ತದೆ. ಇದರಲ್ಲಿ ಅದೇ ಎರಡು ಮೀಟರ್ ದೂರಕ್ಕೆ ಗೋಲಿ ಸುಮಾರು 6 ಸೆಕೆಂಡು ತೆಗೆದುಕೊಳ್ಳುತ್ತದೆ. ಬೀಳುವುದನ್ನೇ ಹೆಚ್ಚು ಕಡಿಮೆ ಹತ್ತು ಪಟ್ಟು ಹಿಗ್ಗಿಸಿ, ನಿಧಾನ ಮಾಡಿ ನೋಡಿದ ಹಾಗೆ.

ಈಗ ಸಮಯ ಅಳೆಯುವುದು ಹೇಗೆ? ದಾರಕ್ಕೆ ಗುಂಡು ಕಟ್ಟಿ ತೂಗಿಬಿಡುವುದು. ಅದೇ ಲೋಲಕ.

ಲೋಲಕ ಕಟ್ಟುವುದರಲ್ಲಿ ಒಂದೆರಡು ಸೂಕ್ಷ್ಮ ಇದೆ. ದಾರವನ್ನು ಮೊಳೆಗೆ ಸುತ್ತಿ ಕಟ್ಟಬೇಡಿ. ಓಲಾಡುವಾಗ ದಾರ ಮೊಳೆಯ ಸುತ್ತ ಸುತ್ತಿಕೊಂಡು ಬಿಚ್ಚಿಕೊಂಡು ಉದ್ದ ಬದಲಾಗುತ್ತಾ ಹೋಗುತ್ತದೆ. ಎರಡು ನಾಣ್ಯಗಳ ನಡುವೆ ದಾರವನ್ನು ಬಿಗಿಯಾಗಿ ಕಚ್ಚಿಸಿ. ಅಥವಾ ಒಂದು ಬೆಂಡನ್ನು ಸೀಳಿ ಅದರ ನಡುವೆ ಸಿಕ್ಕಿಸಿ. ಆಗ ದಾರ ಒಂದೇ ಬಿಂದುವಿನಿಂದ ಇಳಿಯುತ್ತದೆ. ಉದ್ದವನ್ನು ಆ ಬಿಂದುವಿನಿಂದ ಗುಂಡಿನ ನಡುವಿನವರೆಗೆ ಅಳೆಯಬೇಕು. ಮಕ್ಕಳು ಜಾಸ್ತಿ ಸಲ ತಪ್ಪುವುದು ಇಲ್ಲೇ. ದಾರ ಮುಗಿಯುವ ಕೊಕ್ಕೆಯವರೆಗೆ ಅಳೆದು ನಿಲ್ಲಿಸಿಬಿಡುತ್ತಾರೆ. ಇಲ್ಲಿ ನಾನು 24.8 ಸೆಂಟಿಮೀಟರ್ ಇಟ್ಟಿದ್ದೇನೆ. ಕರ್ನಾಟಕದಲ್ಲಿ ಗುರುತ್ವದ ವೇಗೋತ್ಕರ್ಷ, ಅಂದರೆ ಬೀಳುವ ವಸ್ತುವಿನ ವೇಗ ಒಂದೊಂದು ಸೆಕೆಂಡಿಗೂ ಹೆಚ್ಚುವ ಪ್ರಮಾಣ, ಸೆಕೆಂಡಿಗೆ ಸುಮಾರು 9.78 ಮೀಟರ್. ಆ ಲೆಕ್ಕದಲ್ಲಿ ಈ ಲೋಲಕ ಒಂದು ಸಲ ಹೋಗಿ ಬರಲು ಒಂದು ಸೆಕೆಂಡು ಹಿಡಿಯುತ್ತದೆ. ಎರಡು ಸೆಕೆಂಡಿನ ಲೋಲಕ ಬೇಕಾದರೆ ಉದ್ದವನ್ನು ಎರಡು ಪಟ್ಟು ಮಾಡಿದರೆ ಸಾಲದು. ನಾಲ್ಕು ಪಟ್ಟು ಮಾಡಬೇಕು. ಸುಮಾರು ಒಂದು ಮೀಟರ್ ಆಗುತ್ತದೆ.

ಗುಂಡನ್ನು ಜಾಸ್ತಿ ದೂರ ಎಳೆಯಬೇಡಿ. ಮೂರು ನಾಲ್ಕು ಸೆಂಟಿಮೀಟರ್ ಸಾಕು.

ಇನ್ನು ಎಣಿಕೆ. ಇದನ್ನು ನಾನು ನನ್ನ ತಪ್ಪಿನಿಂದಲೇ ಕಲಿತವನು. ಪಿಯುಸಿಯಲ್ಲಿ ಲೋಲಕದ ಪ್ರಯೋಗ ಮಾಡಿ ಗುರುತ್ವದ ಬೆಲೆ 10.84 ಅಂತ ಬರೆದುಕೊಂಡು ಹೋಗಿದ್ದೆ. ಮೂರು ಸಲ ಮಾಡಿದರೂ ಅಷ್ಟೇ ಬಂತು. ಉದ್ದ ಸರಿಯಿತ್ತು, ಗಡಿಯಾರ ಸರಿಯಿತ್ತು. ನಮ್ಮ ಮೇಷ್ಟ್ರು ಪುಸ್ತಕ ನೋಡಲಿಲ್ಲ. "ಗಟ್ಟಿಯಾಗಿ ಎಣಿಸಪ್ಪ" ಅಂದರು. ಗುಂಡು ಬಿಟ್ಟು "ಒಂದು" ಅಂದೆ. "ಇನ್ನೂ ಒಂದೂ ಆಗಿಲ್ವಲ್ಲ?" ಅಂದರು. ಅಷ್ಟೇ ಸಾಕಾಯಿತು. ಶುರುವಿನಲ್ಲಿ ಒಂದು ಅಂದರೆ, ಇಪ್ಪತ್ತು ಅನ್ನುವ ಹೊತ್ತಿಗೆ ಆಗಿರುವುದು ಹತ್ತೊಂಬತ್ತೇ ಓಲಾಟ. ಇಪ್ಪತ್ತರಲ್ಲಿ ಒಂದು ಅಂದರೆ ನೂರಕ್ಕೆ ಐದು. ಗುರುತ್ವದ ಲೆಕ್ಕದಲ್ಲಿ ಸಮಯದ ವರ್ಗ ಬರುವುದರಿಂದ ತಪ್ಪು ಸುಮಾರು ಹನ್ನೊಂದಕ್ಕೆ ಏರುತ್ತದೆ. 9.78 ಇರಬೇಕಾದ್ದು 10.84 ಆಗುತ್ತದೆ. ಆ ದಿನದಿಂದ ಸೊನ್ನೆಯಿಂದಲೇ ಎಣಿಸುತ್ತೇನೆ. ನೀವೂ ಹಾಗೇ ಮಾಡಿ.

ಇನ್ನೊಂದು ವಿಷಯ. ಗುಂಡು ತುದಿಗೆ ಹೋದಾಗ ಎಣಿಸಬೇಡಿ. ಅಲ್ಲಿ ಅದು ನಿಂತು, ಯೋಚನೆ ಮಾಡಿ, ತಿರುಗಿದ ಹಾಗೆ ಇರುತ್ತದೆ. ಯಾವ ಕ್ಷಣ ತಿರುಗಿತು ಅಂತ ಹೇಳುವುದು ಕಷ್ಟ. ನಡುವಿನಲ್ಲಿ ಅದು ತುಂಬ ಜೋರಾಗಿ ದಾಟುತ್ತದೆ. ಹಿಂದೆ ಒಂದು ಬಿಳಿ ಕಾಗದದ ಮೇಲೆ ಗೆರೆ ಎಳೆದಿಡಿ. ಗುಂಡು ಎಡದಿಂದ ಬಲಕ್ಕೆ ಆ ಗೆರೆ ದಾಟಿದಾಗ ಒಂದು ಎಣಿಕೆ. ಮತ್ತೆ ಎಡದಿಂದ ಬಲಕ್ಕೆ ದಾಟಿದಾಗ ಇನ್ನೊಂದು.

ಈಗ ಇಬ್ಬರು ಬನ್ನಿ. ಪುಟ್ಟಿ, ನೀನು ಲೋಲಕ ನೋಡಿಕೊಂಡು ಗಟ್ಟಿಯಾಗಿ ಎಣಿಸು. ಮೂರು, ಎರಡು, ಒಂದು, ಸೊನ್ನೆ, ಆಮೇಲೆ ಮತ್ತೆ ಒಂದು, ಎರಡು, ಮೂರು. ನೀನು ಗೋಲಿಯನ್ನು ಪೆನ್ಸಿಲಿನಿಂದ ತಡೆದು ಹಿಡಿದುಕೋ. ಸೊನ್ನೆ ಅಂದಾಗ ಪೆನ್ಸಿಲ್ ತೆಗೆ. ತಳ್ಳಬೇಡ, ತೆಗೆ ಅಷ್ಟೇ. ನಟ್ಟನ್ನು ಇಲ್ಲಿ ಕಾಲುವೆಯೊಳಗೆ ಅಡ್ಡ ಇಟ್ಟಿದ್ದೇನೆ. ಗೋಲಿ ಬಂದು ಬಡಿದರೆ ಟಕ್ ಅನ್ನುತ್ತದೆ. ಉಳಿದವರೆಲ್ಲ ಕಣ್ಣು ಮುಚ್ಚಿ. ಕಿವಿ ಮಾತ್ರ ಬೇಕು.

ಕೇಳಿದಿರಾ? "ಮೂರು" ಅನ್ನುವ ಸ್ವಲ್ಪ ಮೊದಲೇ ಟಕ್ ಅಂತು. ಅಂದರೆ ನಟ್ಟು ಹತ್ತಿರ ಇದೆ. ಸ್ವಲ್ಪ ಕೆಳಗೆ ಸರಿಸೋಣ. ಮತ್ತೆ ಬಿಡೋಣ. ಈಗ ಮೂರಾದ ಮೇಲೆ ಬಂತು. ಒಂಚೂರು ಮೇಲೆ. ಆ, ಈಗ ನೋಡಿ. "ಮೂರು" ಮತ್ತು "ಟಕ್" ಒಂದೇ ಆಗಿಬಿಟ್ಟವು. ಬಿಟ್ಟ ಜಾಗದಲ್ಲಿ ಗೋಲಿಯ ಮುಂಭಾಗ ಎಲ್ಲಿತ್ತೋ ಅಲ್ಲಿಂದ ನಟ್ಟಿನವರೆಗೆ ಅಳೆಯಿರಿ. 49 ಸೆಂಟಿಮೀಟರ್ ಆಸುಪಾಸು.

ಈಗ ಮುಂದಿನ ಪ್ರಶ್ನೆ. ಮೂರು ಓಲಾಟಕ್ಕೆ 49 ಸೆಂಟಿಮೀಟರ್ ಆದರೆ, ಆರು ಓಲಾಟಕ್ಕೆ ನಟ್ಟನ್ನು ಎಲ್ಲಿಡಬೇಕು? ಎಲ್ಲಿಡಲಿ? 98 ಅಂತೀರಾ? ಜೋರಾಗುತ್ತೆ ಅಲ್ವಾ, ಅದಕ್ಕೆ 120? ಯಾರೋ 150 ಅಂದರು. 98ಕ್ಕೆ ಇಟ್ಟು ಬಿಡೋಣ. ನಾಲ್ಕೂಕಾಲಕ್ಕೇ ಬಡಿಯಿತು. 150ಕ್ಕೆ ಇಟ್ಟರೆ ಐದೂಕಾಲು. ಸರಿಸುತ್ತಾ ಹೋಗೋಣ. ನೋಡಿ, ಇಲ್ಲಿ, ಆಂಗಲ್ ಮುಗಿಯುವ ಹತ್ತಿರ. 196 ಸೆಂಟಿಮೀಟರಿಗೆ ಆರೂ ಟಕ್ಕೂ ಒಂದಾದವು. ಎರಡು ಪಟ್ಟು ಸಮಯಕ್ಕೆ ನಾಲ್ಕು ಪಟ್ಟು ದೂರ.

ಹೀಗೆ ಒಂದೊಂದು ಓಲಾಟಕ್ಕೂ ಜಾಗ ಹುಡುಕಬಹುದು. ಈ ಆಂಗಲ್, ಈ ಎತ್ತರ, ಈ ದಾರಕ್ಕೆ ಲೆಕ್ಕ ಹೇಳುವ ದೂರಗಳು ಸೆಂಟಿಮೀಟರಿನಲ್ಲಿ ಹೀಗಿವೆ: 5.4, 21.7, 48.9, 86.9, 135.8, 195.6. ಮೊದಲನೆಯದನ್ನೇ ಅಳತೆಗೋಲು ಮಾಡಿಕೊಳ್ಳಿ. 1, 4, 9, 16, 25, 36. ಈಗ ಒಂದರಿಂದ ಇನ್ನೊಂದಕ್ಕೆ ಇರುವ ಅಂತರ ನೋಡಿ. ಮೊದಲ ಓಲಾಟದಲ್ಲಿ 1 ಭಾಗ ಹೋಯಿತು. ಎರಡನೆಯದರಲ್ಲಿ 3. ಆಮೇಲೆ 5, 7, 9, 11. ಬೆಸಸಂಖ್ಯೆಗಳು ಸಾಲಾಗಿ ಬಂದು ನಿಂತಿವೆ. ನನಗೆ ಇದನ್ನು ಎಷ್ಟು ಸಲ ನೋಡಿದರೂ ಮೈ ಜುಮ್ ಅನ್ನುತ್ತದೆ. ಗಾಜಿನ ಗೋಲಿಗೆ ಎಣಿಸಲು ಬರುವುದಿಲ್ಲ. ಆದರೂ ಅದು ಒಂದು, ಮೂರು, ಐದು, ಏಳು ಅಂತ ಹೆಜ್ಜೆ ಹಾಕುತ್ತಾ ಇಳಿಯುತ್ತದೆ.

ಹಿಂದಿನ ಸಾಲಿನಿಂದ ಒಬ್ಬ ಶಿಕ್ಷಕರು ಕೇಳುತ್ತಿದ್ದಾರೆ: "ಸ್ಟಾಪ್‌ವಾಚ್ ಇದ್ದರೆ ಇಷ್ಟು ಕಷ್ಟ ಯಾಕೆ ಸರ್?" ಒಳ್ಳೆಯ ಪ್ರಶ್ನೆ. ಸ್ಟಾಪ್‌ವಾಚ್ ಒತ್ತುವಾಗ ನಾವು ಏನನ್ನೋ ನೋಡಿ, ಆಮೇಲೆ ಬೆರಳಿಗೆ ಹೇಳುತ್ತೇವೆ. ಅಷ್ಟರಲ್ಲಿ ಸೆಕೆಂಡಿನ ಐದನೇ ಒಂದು ಭಾಗ ಕಳೆದಿರುತ್ತದೆ. ಲೋಲಕದ ಜೊತೆ ಹಾಗಲ್ಲ. ಅದು ಲಯ. ಮುಂದಿನ ಪೆಟ್ಟು ಯಾವಾಗ ಅಂತ ಮೊದಲೇ ಗೊತ್ತಿರುತ್ತದೆ. ನಾವು ಕಾಯುತ್ತಿರುತ್ತೇವೆ. ಟಕ್ ಶಬ್ದ ಪೆಟ್ಟಿನ ಮೇಲೆ ಬಿತ್ತಾ, ಮುಂಚೆ ಬಿತ್ತಾ, ತಡವಾಯಿತಾ ಅಂತ ಕಿವಿ ತಟ್ಟನೆ ಹೇಳುತ್ತದೆ. ಕಛೇರಿಯಲ್ಲಿ ಕೂತು ತಾಳ ಹಾಕುವವರನ್ನು ನೋಡಿದ್ದೀರಲ್ಲ. ಮೃದಂಗದ ಒಂದು ಪೆಟ್ಟು ಕೂದಲೆಳೆಯಷ್ಟು ಹಿಂದೆ ಬಿದ್ದರೂ ಮುಖ ತಿರುಗಿಸುತ್ತಾರೆ. ಸಂಗೀತ ಕಲಿಯದವರಿಗೂ ತಾಳ ತಪ್ಪಿದ್ದು ಗೊತ್ತಾಗುತ್ತದೆ. ಆ ಕಿವಿಯನ್ನೇ ನಾವು ಉಪಕರಣ ಮಾಡಿಕೊಂಡಿದ್ದೇವೆ. ಇಲ್ಲಿ ಸಮಯವನ್ನು ಓದುವ ಕೆಲಸವೇ ಇಲ್ಲ. ಸಮಯ ಮೊದಲೇ ಗೊತ್ತಿದೆ, ಆರು ಓಲಾಟ. ಹುಡುಕುವುದು ದೂರವನ್ನು. ದೂರ ಅಳೆಯಲು ಟೇಪು ಸಾಕು, ಅದೂ ನಿಧಾನವಾಗಿ, ಗೋಲಿ ನಿಂತ ಮೇಲೆ.

ಈ ಉಪಾಯ ನನ್ನದಲ್ಲ. ಇದರ ಹಿಂದೆ ಒಂದು ದೊಡ್ಡ ಪತ್ತೇದಾರಿ ಕತೆಯೇ ಇದೆ.

ಗೆಲಿಲಿಯೋ ಇಟಲಿಯ ಪೀಸಾದಲ್ಲಿ 1564ರಲ್ಲಿ ಹುಟ್ಟಿದವರು. 1592ರಿಂದ 1610ರವರೆಗೆ, ಹದಿನೆಂಟು ವರ್ಷ, ಪಡುವಾದಲ್ಲಿ ಪಾಠ ಹೇಳಿದರು. ಇಳಿಜಾರಿನ ಕೆಲಸದ ಮುಖ್ಯ ಭಾಗ ಮಾಡಿದ್ದು ಅಲ್ಲೇ. ಆದರೆ ಅದನ್ನು ಅಚ್ಚಿಗೆ ಕೊಟ್ಟದ್ದು ಮುಪ್ಪಿನಲ್ಲಿ. ಎರಡು ಹೊಸ ವಿಜ್ಞಾನಗಳ ಬಗೆಗಿನ ಆ ಪುಸ್ತಕ 1638ರಲ್ಲಿ ಹಾಲೆಂಡಿನ ಲೈಡನ್‌ನಲ್ಲಿ ಬಂತು. ಅದರಲ್ಲಿ ಪ್ರಯೋಗದ ವಿವರ ಇದೆ. ಹನ್ನೆರಡು ಮೊಳದ ಮರದ ತೊಲೆ. ಅವರ ಮೊಳ ನಮ್ಮದಕ್ಕಿಂತ ಉದ್ದ, ಹಾಗಾಗಿ ಸುಮಾರು 7 ಮೀಟರ್. ಅದರಲ್ಲಿ ಒಂದು ಬೆರಳಿಗಿಂತ ಸ್ವಲ್ಪ ಅಗಲದ ಕಾಲುವೆ ಕೊರೆದು, ನುಣುಪಾಗಲಿ ಅಂತ ಒಳಗೆ ಹದ ಮಾಡಿದ ತೊಗಲು ಅಂಟಿಸಿದ್ದರು. ಉರುಳಿಸಿದ್ದು ಗುಂಡಗಿನ ಕಂಚಿನ ಗುಂಡು. ಸಮಯಕ್ಕೆ ನೀರು. ಎತ್ತರದಲ್ಲಿ ದೊಡ್ಡ ಪಾತ್ರೆ, ಅದರ ತಳಕ್ಕೆ ಸಣ್ಣ ಕೊಳವೆ. ಗುಂಡು ಉರುಳುವಷ್ಟು ಹೊತ್ತು ಸುರಿದ ನೀರನ್ನು ಲೋಟದಲ್ಲಿ ಹಿಡಿದು ತಕ್ಕಡಿಯಲ್ಲಿ ತೂಗುವುದು. ನೀರಿನ ತೂಕವೇ ಸಮಯ. ನೂರು ಸಲ ಮಾಡಿದೆವು, ನಾಡಿ ಬಡಿತದ ಹತ್ತನೇ ಒಂದು ಭಾಗದಷ್ಟೂ ವ್ಯತ್ಯಾಸ ಬರಲಿಲ್ಲ ಅಂತ ಬರೆದಿದ್ದಾರೆ.

ಇದನ್ನು ಓದಿದ ಅಲೆಕ್ಸಾಂಡರ್ ಕೊಯ್ರೆ ಎಂಬ ದೊಡ್ಡ ಇತಿಹಾಸಕಾರರು ನಂಬಲಿಲ್ಲ. ನೀರು ಹಿಡಿದು ಅಷ್ಟು ನಿಖರವಾಗಿ ಅಳೆಯುವುದು ಆಗದ ಮಾತು ಅಂದರು. ಇದು 1950ರ ದಶಕದ ಮಾತು. ಅವರ ಮಾತಿಗೆ ತೂಕ ಇತ್ತು, ತುಂಬ ಜನ ಒಪ್ಪಿದರು. ಆಮೇಲೆ 1961ರಲ್ಲಿ ಥಾಮಸ್ ಸೆಟಲ್ ಎಂಬ ವಿದ್ಯಾರ್ಥಿ ವಾದ ಮಾಡುವುದನ್ನು ಬಿಟ್ಟು ಉದ್ದನೆಯ ಹಲಗೆ ತಂದರು. ನೀರಿಗೆ ಒಂದು ಹೂಕುಂಡ ಇಟ್ಟುಕೊಂಡರು, ತಳದ ತೂತಿಗೆ ಕೊಳವೆ ಸಿಕ್ಕಿಸಿದರು. ಪ್ರಯೋಗವನ್ನು ಮಾಡಿಯೇ ನೋಡಿದರು. ಗೆಲಿಲಿಯೋ ಹೇಳಿದ ನಿಖರತೆ ಬಂತು. ಪುಸ್ತಕದ ಎದುರು ಕೂತು ಆಗುವುದಿಲ್ಲ ಅನ್ನುವುದಕ್ಕೂ, ಹಲಗೆಯ ಎದುರು ನಿಂತು ನೋಡುವುದಕ್ಕೂ ಎಷ್ಟು ವ್ಯತ್ಯಾಸ! ಮಕ್ಕಳಿಗೆ ನಾನು ಹೇಳಬೇಕೆಂದಿರುವ ಹೆಸರುಗಳಲ್ಲಿ ಸೆಟಲ್ ಅವರದೂ ಒಂದು.

ಕತೆ ಇಲ್ಲಿಗೆ ಮುಗಿಯಲಿಲ್ಲ. ಫ್ಲಾರೆನ್ಸಿನ ಗ್ರಂಥಾಲಯದಲ್ಲಿ ಗೆಲಿಲಿಯೋ ಅವರ ಕೈಬರಹದ ಕಾಗದಗಳ ಕಟ್ಟು ಇದೆ. 1970ರ ದಶಕದಲ್ಲಿ ಸ್ಟಿಲ್‌ಮನ್ ಡ್ರೇಕ್ ಎಂಬ ಇತಿಹಾಸಕಾರರು ಅದನ್ನು ಹಾಳೆ ಹಾಳೆಯಾಗಿ ನೋಡುತ್ತಾ ಹೋದರು. 107ನೇ ಹಾಳೆಯ ಹಿಂಬದಿಯಲ್ಲಿ ಎಂಟು ಸಂಖ್ಯೆಗಳ ಒಂದು ಪಟ್ಟಿ ಸಿಕ್ಕಿತು. 33, 130, 298, 526, 824, 1192, 1620, 2104. ವಿವರಣೆ ಇಲ್ಲ. ಪಕ್ಕದಲ್ಲಿ 1, 4, 9, 16 ಅಂತ 64ರವರೆಗೆ ವರ್ಗಗಳು. ನೀವೇ ಗುಣಿಸಿ ನೋಡಿ. 33ನ್ನು ನಾಲ್ಕರಿಂದ ಗುಣಿಸಿದರೆ 132, ಅಲ್ಲಿರುವುದು 130. ಒಂಬತ್ತರಿಂದ ಗುಣಿಸಿದರೆ 297, ಇರುವುದು 298. ಅರವತ್ನಾಲ್ಕರಿಂದ ಗುಣಿಸಿದರೆ 2112, ಇರುವುದು 2104. ಸರಿಯಾಗಿ ಕೂಡುವುದಿಲ್ಲ, ಆದರೆ ತುಂಬ ಹತ್ತಿರ. ಸುಳ್ಳು ಲೆಕ್ಕ ಬರೆಯುವವನು ಸರಿಯಾಗಿ 132 ಅಂತಲೇ ಬರೆಯುತ್ತಿದ್ದ. ಈ ಸಣ್ಣ ಸಣ್ಣ ವ್ಯತ್ಯಾಸಗಳೇ ಇವು ನಿಜವಾಗಿ ಅಳೆದ ದೂರಗಳು ಅಂತ ಹೇಳುತ್ತವೆ. ಅಲ್ಲಿನ ಅಳತೆಯ ಒಂದು ಭಾಗ ಒಂದು ಮಿಲಿಮೀಟರಿಗಿಂತ ಕೊಂಚ ಕಡಿಮೆ. ಹಾಗಾಗಿ ಕೊನೆಯ ಸಂಖ್ಯೆ ಎರಡು ಮೀಟರಿಗೆ ಚೂರು ಕಡಿಮೆ. ನಮ್ಮ ಈ ಆಂಗಲ್‌ನಷ್ಟೇ!

ದೂರಗಳನ್ನು ಬರೆದಿದ್ದಾರೆ. ಸಮಯ? ಬರೆದಿಲ್ಲ. ಯಾಕೆಂದರೆ ಎಲ್ಲ ಸಮಯಗಳೂ ಸಮ, ಬರೆಯುವ ಅಗತ್ಯವೇ ಇರಲಿಲ್ಲ ಅನ್ನುವುದು ಡ್ರೇಕ್ ಅವರ ಊಹೆ. ಗೆಲಿಲಿಯೋ ತಂದೆ ವಿನ್ಸೆಂಜೋ ಲ್ಯೂಟ್ ಎಂಬ ತಂತಿವಾದ್ಯ ನುಡಿಸುವವರು, ಸಂಗೀತ ಶಾಸ್ತ್ರ ಬಲ್ಲವರು. ಮಗನೂ ನುಡಿಸುತ್ತಿದ್ದರು. ಲ್ಯೂಟಿನ ಮೆಟ್ಟಿಲುಗಳು ನಮ್ಮ ವೀಣೆಯ ಹಾಗೆ ಮೇಣದಲ್ಲಿ ಕೂರಿಸಿದವಲ್ಲ. ಕರುಳಿನ ತಂತಿಯನ್ನು ಕೊರಳಿಗೆ ಸುತ್ತಿ ಕಟ್ಟಿರುತ್ತಾರೆ, ಬೇಕಾದರೆ ಸರಿಸಬಹುದು. ಹಾಗೇ ಕಾಲುವೆಗೆ ಅಡ್ಡಲಾಗಿ ತಂತಿ ಕಟ್ಟಿ, ಒಂದು ಹಾಡನ್ನು ಗುನುಗುತ್ತಾ, ಗುಂಡು ತಂತಿ ದಾಟಿದ ಸದ್ದು ತಾಳದ ಮೇಲೆ ಬೀಳುವವರೆಗೆ ತಂತಿಗಳನ್ನು ಸರಿಸಿರಬೇಕು ಅಂತ ಡ್ರೇಕ್ ಹೇಳಿದರು. ಸುಮಾರು ಅರ್ಧ ಸೆಕೆಂಡಿಗೆ ಒಂದು ಪೆಟ್ಟು. ತಾವೂ ಹಾಗೆ ಮಾಡಿ ನೋಡಿದರು, ಆಗುತ್ತದೆ. ಇದನ್ನು ಎಲ್ಲ ಇತಿಹಾಸಕಾರರೂ ಒಪ್ಪಿಲ್ಲ. ಗೆಲಿಲಿಯೋ ಹೀಗೇ ಮಾಡಿದರು ಅಂತ ನಾನೂ ಆಣೆ ಮಾಡುವುದಿಲ್ಲ. ಆದರೆ ಈಗ ತಾನೇ ನೀವು ನಟ್ಟನ್ನು ಹಿಂದೆ ಮುಂದೆ ಸರಿಸಿದಿರಲ್ಲ, ಹಾಡಿನ ಜಾಗದಲ್ಲಿ ನಿಮಗೆ ಲೋಲಕ ಇತ್ತು, ಅಷ್ಟೇ ವ್ಯತ್ಯಾಸ.

ಪೀಸಾದ ದೇವಾಲಯದಲ್ಲಿ ತೂಗುದೀಪ ಓಲಾಡುವುದನ್ನು ನೋಡಿ ಗೆಲಿಲಿಯೋ ಅವರಿಗೆ ಲೋಲಕದ ಗುಟ್ಟು ಹೊಳೆಯಿತು ಅನ್ನುವ ಕತೆ ನಿಮ್ಮ ಪಾಠದಲ್ಲೇ ಇದೆ. ಶಿಷ್ಯ ವಿವಿಯಾನಿ ಬರೆದಿಟ್ಟದ್ದು. ಈಗ ಅಲ್ಲಿ ತೋರಿಸುವ ದೀಪ 1587ರದು, ಕತೆಯ ಘಟನೆಗಿಂತ ಆಮೇಲಿನದು. ಇರಲಿ. ಗೆಲಿಲಿಯೋ 1602ರ ಒಂದು ಕಾಗದದಲ್ಲಿ ಲೋಲಕದ ಬಗ್ಗೆ ಬರೆದಿರುವುದಂತೂ ಖಚಿತ. ದೊಡ್ಡ ಓಲಾಟಕ್ಕೂ ಸಣ್ಣ ಓಲಾಟಕ್ಕೂ ಒಂದೇ ಸಮಯ ಅಂತ ಅವರು ನಂಬಿದ್ದರು. ಅದು ಪೂರ್ತಿ ನಿಜವಲ್ಲ. 10 ಡಿಗ್ರಿಯಷ್ಟು ಎಳೆದು ಬಿಟ್ಟರೆ ವ್ಯತ್ಯಾಸ ಸಾವಿರಕ್ಕೆ ಎರಡು. 60 ಡಿಗ್ರಿಗೆ ನೂರಕ್ಕೆ ಏಳು. ಒಂದೇ ಉದ್ದದ ಎರಡು ಲೋಲಕ ಕಟ್ಟಿ, ಒಂದನ್ನು ಜೋರಾಗಿ, ಒಂದನ್ನು ಮೆತ್ತಗೆ ಬಿಡಿ. ಹತ್ತು ಹದಿನೈದು ಓಲಾಟದೊಳಗೆ ಜೊತೆ ತಪ್ಪುತ್ತವೆ. ಜಾಸ್ತಿ ಎಳೆಯಬೇಡಿ ಅಂದದ್ದು ಅದಕ್ಕೇ. ಲೋಲಕದ ಗಡಿಯಾರವನ್ನು 1656ರಲ್ಲಿ ಮಾಡಿದ ಹಾಲೆಂಡಿನ ಹೈಗೆನ್ಸ್ ಈ ದೋಷವನ್ನು ತಿದ್ದಲು ವರ್ಷಗಟ್ಟಲೆ ತಲೆ ಕೆಡಿಸಿಕೊಂಡರು.

ಎಣಿಸುವುದರಲ್ಲಿ ಮಾತ್ರ ಬೊಲೊನ್ಯಾ ಊರಿನ ಪಾದ್ರಿ ರಿಚ್ಚೋಲಿಯವರನ್ನು ಮೀರಿಸಿದವರಿಲ್ಲ. ಒಂದು ದಿನಕ್ಕೆ 86,400 ಸೆಕೆಂಡು. ತಮ್ಮ ಲೋಲಕ ಎಷ್ಟು ಸರಿ ಅಂತ ತಿಳಿಯಲು ಜೊತೆಯ ಪಾದ್ರಿಗಳನ್ನು ಸೇರಿಸಿಕೊಂಡು ಹಗಲೂ ರಾತ್ರಿ, 24 ಗಂಟೆ, ಸರದಿಯ ಮೇಲೆ ಓಲಾಟಗಳನ್ನು ಎಣಿಸಿದರು. ಆಮೇಲೆ ಆ ಊರಿನ 97 ಮೀಟರಿನ ಅಸಿನೆಲ್ಲಿ ಗೋಪುರದಿಂದ ಗುಂಡುಗಳನ್ನು ಬೀಳಿಸಿ ಲೋಲಕದಿಂದ ಸಮಯ ಅಳೆದರು. ಇಳಿಜಾರಿಲ್ಲದೆ, ನೇರ ಬೀಳುವಾಗಲೂ 1, 3, 5, 7 ಬಂತು. ಇದನ್ನು 1651ರಲ್ಲಿ ಪ್ರಕಟಿಸಿದರು. ಭೂಮಿ ಸೂರ್ಯನನ್ನು ಸುತ್ತುತ್ತದೆ ಅನ್ನುವುದನ್ನು ಅವರು ಒಪ್ಪಿದವರಲ್ಲ. ಆದರೆ ಗೆಲಿಲಿಯೋ ಹೇಳಿದ ಬೀಳುವ ನಿಯಮ ಅಳತೆಯಲ್ಲಿ ಸರಿ ಕಂಡಾಗ ಸರಿ ಅಂತಲೇ ಬರೆದರು.

ಈಗ ನಾನು ಇವತ್ತು ಮುಖ್ಯವಾಗಿ ಹೇಳಬೇಕೆಂದು ಬಂದ ಮಾತಿಗೆ ಬರುತ್ತೇನೆ. ಇಷ್ಟು ಹೊತ್ತು ಲೋಲಕವನ್ನು ಗಡಿಯಾರ ಅಂತ ನೋಡಿದೆವು. ಈಗ ಇನ್ನೊಂದು ಸಲ ನೋಡಿ. ಗುಂಡನ್ನು ಎಳೆದು ಬಿಟ್ಟಾಗ ಅದು ಏನು ಮಾಡುತ್ತಿದೆ? ಬೀಳುತ್ತಿದೆ. ದಾರ ಇರುವುದರಿಂದ ನೇರ ಬೀಳಲು ಆಗದೆ, ಓರೆಯಾಗಿ ಬಿದ್ದು, ಆ ಬಿರುಸಿನಲ್ಲೇ ಆಚೆ ಬದಿಗೆ ಏರಿ, ಮತ್ತೆ ಬೀಳುತ್ತಿದೆ. ಗೋಲಿಯೂ ಬೀಳುತ್ತಿದೆ, ಅಲ್ಯೂಮಿನಿಯಂ ತಡೆಯುವುದರಿಂದ ಓರೆಯಾಗಿ. ಎರಡೂ ಒಂದೇ ಮನೆಯ ಮಕ್ಕಳು. ನಾವು ಒಂದು ಬೀಳುವಿಕೆಯನ್ನು ಇನ್ನೊಂದು ಬೀಳುವಿಕೆಯಿಂದ ಅಳೆದಿದ್ದೇವೆ.

ಇದರಿಂದ ಒಂದು ವಿಚಿತ್ರ ಆಗುತ್ತದೆ. ಈ ಮೇಜನ್ನು ಹೀಗೇ ಎತ್ತಿ ಚಂದ್ರನ ಮೇಲೆ ಇಟ್ಟರೆ ಎಷ್ಟು ಓಲಾಟಕ್ಕೆ ಗೋಲಿ ನಟ್ಟಿಗೆ ಬಡಿಯುತ್ತದೆ? ಅಲ್ಲಿ ಗುರುತ್ವ ಆರನೇ ಒಂದು ಭಾಗ. ಗೋಲಿ ತುಂಬ ನಿಧಾನ. ಸುಮಾರು ಎರಡೂವರೆ ಪಟ್ಟು ಹೊತ್ತು ಹಿಡಿಯುತ್ತದೆ. ಆದರೆ ಲೋಲಕವೂ ಅಷ್ಟೇ ನಿಧಾನವಾಗುತ್ತದೆ. ಹಾಗಾಗಿ ಅಲ್ಲೂ ಆರೇ ಓಲಾಟ. ಎಣಿಕೆಯಲ್ಲಿ ಗುರುತ್ವ ಹೊಡೆದುಹೋಗುತ್ತದೆ. ಗಡಿಯಾರ ಇಲ್ಲದೆ, ಲೋಲಕ ಮತ್ತು ಗೋಲಿ ಎರಡನ್ನೇ ಇಟ್ಟುಕೊಂಡು ನೀವು ಗುರುತ್ವದ ಬೆಲೆಯನ್ನು ಎಂದೂ ಕಂಡುಹಿಡಿಯಲಾರಿರಿ.

ಹಾಗಾದರೆ ಆ ಎಣಿಕೆಯಲ್ಲಿ ಏನು ಉಳಿಯಿತು? ಆಕಾರ ಉಳಿಯಿತು. ಕಾಲುವೆ ಎಷ್ಟು ಓರೆ, ದಾರ ಎಷ್ಟು ಉದ್ದ, ಗೋಲಿ ಹೇಗೆ ಉರುಳುತ್ತದೆ, ಇಷ್ಟೇ. ಲೆಕ್ಕ ಹೀಗೆ ಮಾಡಿ. ಗೋಲಿ ಹೋದ ದೂರ 195.6. ಅದನ್ನು ದಾರದ ಉದ್ದ 24.8ರಿಂದ ಭಾಗಿಸಿ. ಇಳಿಜಾರು 0.02ರಿಂದ ಭಾಗಿಸಿ. ಓಲಾಟಗಳ ವರ್ಗ 36ರಿಂದ ಭಾಗಿಸಿ. ಕೊನೆಗೆ ಪೈ ವರ್ಗದ ಎರಡು ಪಟ್ಟು, ಅಂದರೆ 19.74ರಿಂದ ಭಾಗಿಸಿ. 0.555 ಬರುತ್ತದೆ. ಅಂದರೆ ಒಂಬತ್ತರಲ್ಲಿ ಐದು.

ಗೋಲಿ ಉರುಳದೆ, ಘರ್ಷಣೆಯೇ ಇಲ್ಲದೆ ಮಂಜುಗಡ್ಡೆಯ ಹಾಗೆ ಜಾರಿದ್ದರೆ ಇಲ್ಲಿ 1 ಬರಬೇಕಿತ್ತು. ಆರು ಓಲಾಟಕ್ಕೆ ಮೂರೂವರೆ ಮೀಟರ್ ಹೋಗಿರುತ್ತಿತ್ತು. ನಮ್ಮದು ಎರಡು ಮೀಟರನ್ನೂ ಮುಟ್ಟಲಿಲ್ಲ. ಉಳಿದದ್ದೆಲ್ಲಿ ಹೋಯಿತು? ತಿರುಗುವುದಕ್ಕೆ. ಗೋಲಿ ಮುಂದೆ ಓಡುವುದಷ್ಟೇ ಅಲ್ಲ, ತನ್ನ ಸುತ್ತ ತಾನು ತಿರುಗಲೂ ಬೇಕು. ಇಳಿದ ಎತ್ತರ ಕೊಟ್ಟ ಶಕ್ತಿಯಲ್ಲಿ ಅದಕ್ಕೂ ಪಾಲು.

ಇದನ್ನು ನಂಬದವರು ಇಲ್ಲಿ ನೋಡಿ. ವೈರಿಂಗಿಗೆ ಹಾಕುವ ಪಿವಿಸಿ ಪೈಪನ್ನು ಉದ್ದಕ್ಕೆ ಸೀಳಿ ತಂದಿದ್ದೇನೆ. ಆಂಗಲ್ ಪಕ್ಕದಲ್ಲೇ, ಅಷ್ಟೇ ಓರೆಯಾಗಿ ಇಡುತ್ತೇನೆ. ಎರಡರಲ್ಲೂ ಒಂದೇ ಥರದ ಗೋಲಿ. ಒಟ್ಟಿಗೆ ಬಿಟ್ಟರೆ ಯಾವುದು ಮೊದಲು? ಕೈ ಎತ್ತಿ. ಸಮ ಸಮ ಅನ್ನುವವರೇ ಜಾಸ್ತಿ ಇದ್ದೀರಿ. ಬಿಡುತ್ತೇನೆ. ಪೈಪಿನ ಗೋಲಿ ಗೆದ್ದಿತು, ಅದೂ ಸ್ಪಷ್ಟವಾಗಿ. ಅದು ಐದೂಕಾಲು ಓಲಾಟದಲ್ಲೇ ಮುಗಿಸಿತು. ಆಂಗಲ್‌ನದಕ್ಕೆ ಆರು ಬೇಕಾಯಿತು.

ಯಾಕೆ ಅಂತ ನೋಡಲು ಗೋಲಿಗೆ ಒಂದು ಇಂಕಿನ ಚುಕ್ಕೆ ಇಡಿ. ಈ ಗೋಲಿಯ ಅಡ್ಡಳತೆ 16 ಮಿಲಿಮೀಟರ್. ಪೈಪಿನಲ್ಲಿ ಅದು ತನ್ನ ತಳದ ಮೇಲೆ ಕೂತಿದೆ. ಒಂದು ಸುತ್ತಿಗೆ ಸುಮಾರು 5 ಸೆಂಟಿಮೀಟರ್ ಹೋಗುತ್ತದೆ. ಆಂಗಲ್‌ನಲ್ಲಿ ಅದು ತಳ ಮುಟ್ಟುವುದೇ ಇಲ್ಲ. ಎಡ ಗೋಡೆ ಒಂದು ಕಡೆ, ಬಲ ಗೋಡೆ ಒಂದು ಕಡೆ, ಎರಡು ಪಕ್ಕೆಗಳ ಮೇಲೆ ಓಡುತ್ತದೆ. ಆ ಪಕ್ಕೆಗಳ ಸುತ್ತಳತೆ ಚಿಕ್ಕದು. ಒಂದು ಸುತ್ತಿಗೆ ಮೂರೂವರೆ ಸೆಂಟಿಮೀಟರ್ ಮಾತ್ರ. ಅಷ್ಟೇ ದೂರಕ್ಕೆ ಜಾಸ್ತಿ ಸುತ್ತಬೇಕು. ತಿರುಗುವುದಕ್ಕೆ ಜಾಸ್ತಿ ಪಾಲು ಹೋಗುತ್ತದೆ, ಓಡುವುದಕ್ಕೆ ಕಡಿಮೆ ಉಳಿಯುತ್ತದೆ. ಪೈಪಿನಲ್ಲಿ ಏಳರಲ್ಲಿ ಐದು, ಆಂಗಲ್‌ನಲ್ಲಿ ಒಂಬತ್ತರಲ್ಲಿ ಐದು. ದೊಡ್ಡ ಗೋಲಿ ತನ್ನಿ, ಚಿಕ್ಕ ಗೋಲಿ ತನ್ನಿ, ಸೈಕಲ್ ಅಂಗಡಿಯ ಬೇರಿಂಗ್ ಗುಂಡು ತನ್ನಿ, ಈ ಸಂಖ್ಯೆಗಳು ಬದಲಾಗುವುದಿಲ್ಲ.

ಗೆಲಿಲಿಯೋ ಈ ತಿರುಗುವಿಕೆಯನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ತಿರುಗುವ ವಸ್ತುಗಳ ಗಣಿತ ಬಂದದ್ದು ಅವರ ನಂತರ. ಆದರೂ ಅವರ ವರ್ಗದ ನಿಯಮ ಕೆಡಲಿಲ್ಲ, ಏಕೆಂದರೆ ಆ ಪಾಲು ಮೊದಲಿಂದ ಕೊನೆಯವರೆಗೆ ಒಂದೇ ಸಮ ಕಡಿತವಾಗುತ್ತದೆ. 1, 4, 9, 16 ಹಾಗೇ ಉಳಿಯುತ್ತದೆ.

ಮನೆಯಲ್ಲಿ ಮಾಡುವವರಿಗೆ ಎರಡು ಮಾತು. ನೆಲ ಮಟ್ಟವಾಗಿದೆ ಅಂತ ನಂಬಬೇಡಿ. ನೀರು ಹರಿದುಹೋಗಲಿ ಅಂತ ಗಾರೆಯವರು ನೆಲಕ್ಕೆ ಸ್ವಲ್ಪ ವಾಟ ಕೊಟ್ಟಿರುತ್ತಾರೆ. ಮೊದಲು ಕಾಲುವೆಯನ್ನು ಹೇಗಿದೆಯೋ ಹಾಗೆ ಇಟ್ಟು, ಗೋಲಿ ಯಾವ ಕಡೆಗೂ ಹೋಗದಂತೆ ಕಾಗದದ ಚೂರುಗಳನ್ನು ಕೆಳಗೆ ಇಟ್ಟು ಮಟ್ಟ ಮಾಡಿಕೊಳ್ಳಿ. ಆಮೇಲೆ ಒಂದು ತುದಿಯನ್ನು 4 ಸೆಂಟಿಮೀಟರ್ ಎತ್ತಿ. ಇಲ್ಲಿ ಒಂದು ಮಿಲಿಮೀಟರ್ ತಪ್ಪಿದರೂ ನೂರಕ್ಕೆ ಎರಡೂವರೆ ತಪ್ಪು. ಇನ್ನು, ಉದ್ದನೆಯ ಆಂಗಲ್ ನಡುವಿನಲ್ಲಿ ಜೋತು ಬೀಳುತ್ತದೆ. ಅಲ್ಲೊಂದು ಆಸರೆ ಕೊಡಿ. ಇಲ್ಲದಿದ್ದರೆ ಮೇಲಿನ ಅರ್ಧ ಜಾಸ್ತಿ ಕಡಿದು, ಕೆಳಗಿನ ಅರ್ಧ ಕಡಿಮೆ ಕಡಿದು ಆಗಿ ವರ್ಗಗಳು ಕೂಡಿ ಬರುವುದಿಲ್ಲ.

ಕೊನೆಗೆ ಏಳನೇ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತಳು. "ಸರ್, ತಿರುಗುವುದಕ್ಕೆ ಪಾಲು ಹೋಗುತ್ತೆ ಅಂದ್ರಲ್ಲ. ಒಳಗೆ ನೀರು ಇದ್ದರೆ ನೀರೂ ತಿರುಗುತ್ತಾ?" ನಾನು ಉತ್ತರ ಹೇಳಲಿಲ್ಲ. ಯಾರದೋ ಚೀಲದಲ್ಲಿ ಹಣ್ಣಿನ ರಸದ ತಗಡಿನ ಡಬ್ಬಿ ಇತ್ತು, ಇನ್ನೂ ತೆರೆಯದ್ದು. ಮೇಜಿನ ಮೇಲಿನದ್ದನ್ನೆಲ್ಲ ತೆಗೆದು, ಎರಡು ಕಾಲುಗಳ ಕೆಳಗೆ ಪುಸ್ತಕ ಇಟ್ಟು, ಮೇಜನ್ನೇ ಇಳಿಜಾರು ಮಾಡಿದೆವು. ಡಬ್ಬಿ ಒಂದು ಪಕ್ಕ, ಗೋಲಿ ಒಂದು ಪಕ್ಕ. ಅವಳೇ ಎಣಿಸಿದಳು, ಸೊನ್ನೆಯಿಂದ. ಡಬ್ಬಿ ಗೋಲಿಗಿಂತ ಮೊದಲು ಕೆಳಗೆ ಬಂತು. ಎರಡನೇ ಸಲವೂ, ಮೂರನೇ ಸಲವೂ. "ಹಾಗಾದ್ರೆ ತಗಡು ಮಾತ್ರ ತಿರುಗಿದ್ದು, ಒಳಗಿನ ರಸ ಸುಮ್ನೆ ಜಾರಿಕೊಂಡು ಬಂತು" ಅಂದಳು. ಪೂರ್ತಿ ಸುಮ್ನೆ ಅಲ್ಲ, ತಗಡಿಗೆ ತಾಗಿದ ತೆಳು ಪದರ ತಗಡಿನ ಜೊತೆ ಕೊಂಚ ತಿರುಗುತ್ತದೆ ಅಂದೆ. "ಎಷ್ಟು ಅಂತ ಓಲಾಟ ಎಣಿಸಿದರೆ ಗೊತ್ತಾಗುತ್ತಾ?" ಅಂತ ಕೇಳಿ, ನಾನು ಹೂಂ ಅನ್ನುವ ಮೊದಲೇ ದಾರದ ಉದ್ದ ಅಳೆಯಲು ಟೇಪು ತೆಗೆದುಕೊಂಡಳು.